ಎರಡು ಸಲ ಕೇಳಿದವರು

ನನ್ನ ಮೊಮ್ಮಗಳು ಮನೆಗೆ ಬಂದಳು! ನಿನ್ನೆ ಶುಕ್ರವಾರ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಮ್ಮ ಬಾಗಿಲಲ್ಲಿ ಟ್ಯಾಕ್ಸಿ ನಿಂತಿತು. ಮಗಳು ಸರೋಜ ಯಾರ ಕೈಯನ್ನೂ ಹಿಡಿಯದೆ ತಾನೇ ಇಳಿದಳು. ತೋಳಲ್ಲಿ ಬಿಳಿ ಬಟ್ಟೆಯ ಗಂಟು, ಗಂಟಿನೊಳಗೆ ಇಪ್ಪತ್ತೆರಡು ದಿನದ ಹೆಣ್ಣು ಕೂಸು. ಅದು ಆಗಲೇ ಬಾಯಿ ಅಗಲಿಸಿ ಆಕಳಿಸುತ್ತಿತ್ತು, ಬಸ್ಸಿನಲ್ಲಿ ದಣಿದು ಬಂದ ಮುದುಕಿಯ ಹಾಗೆ. ಆರತಿ ತಟ್ಟೆ ಹಿಡಿದು ಓಡಿದ ರಭಸಕ್ಕೆ ಕೆಂಪು ನೀರು ಅರ್ಧ ನನ್ನ ಸೀರೆಗೇ ಚೆಲ್ಲಿತು.

"ಅಮ್ಮಾ, ಆರತಿ ನಂಗೋ ನಿಂಗೋ?" ಎಂದು ಸರೋಜ ನಕ್ಕಳು.

ನಗಲಿ. ಅವಳು ನಗುತ್ತಾಳೆ, ಉಸಿರಾಡುತ್ತಾಳೆ, ಮೆಟ್ಟಿಲು ಹತ್ತುತ್ತಾಳೆ. ಬೆಂಗಳೂರಿನ ದೊಡ್ಡಾಸ್ಪತ್ರೆಯ ಡಾಕ್ಟರು "ಹೆರಿಗೆಯನ್ನು ಅವಳ ಹೃದಯ ತಡೆದುಕೊಂಡಿದೆಯಮ್ಮ, ಇನ್ನು ಮನೆಗೆ ಕರ್ಕೊಂಡು ಹೋಗಿ" ಎಂದ ಗಳಿಗೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಸಕ್ಕರೆ ಬಟ್ಟಲು ಹಿಡಿದು ಬೀದಿಯ ಒಂದೊಂದು ಮನೆಗೂ ಹೋದೆ. ಸಿಕ್ಕವರ ಬಾಯಿಗೆಲ್ಲ ಸಕ್ಕರೆ ಹಾಕಿದೆ. ಕೊನೆಯ ಮನೆಯ ಮುಂದೆ ಮಾತ್ರ ಸುಮ್ಮನೆ ನಿಂತುಕೊಂಡೆ. ಅಲ್ಲಿ ಬೀಗ ಹಾಕಿದೆ. ಆ ಮನೆಯವರು ತೀರಿಕೊಂಡು ಎರಡು ತಿಂಗಳಾಯಿತು.

ಅವರ ವಿಷಯವನ್ನು ನಾನು ನಮ್ಮ ಬೀದಿಗೆ ಹೇಳಬೇಕಾಗಿದೆ. ಬರೀ ಬಾಯಿಮಾತಾದರೆ ಯಾವುದಾದರೂ ಒಂದನ್ನು ಬಿಟ್ಟುಬಿಡುತ್ತೇನೆ ಎಂಬ ಭಯಕ್ಕೆ ಮೊದಲು ಬರೆದಿಡುತ್ತಿದ್ದೇನೆ. ಓದಿದ್ದು ನಾಲ್ಕನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಳ್ಳಿ. ಅವರ ಹೆಸರು ಬರೆಯುವುದಿಲ್ಲ. ನಮ್ಮ ದೊಡ್ಡಬಳ್ಳಾಪುರದ ಈ ನೇಕಾರರ ಬೀದಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಮಿಲ್ಟ್ರಿಯವರು ಎಂದರೆ ಅವರೇ.

ಹಿಂದಿನ ದೊಡ್ಡ ಯುದ್ಧದಲ್ಲಿ ಸಿಪಾಯಿಗಳ ಹಲ್ಲು ನೋಡುವ ಡಾಕ್ಟರ ಕೈಕೆಳಗೆ ಕೆಲಸ ಮಾಡಿ ಬಂದವರು. ಡಾಕ್ಟರಲ್ಲ. ಹಾಗೆಂದು ಅವರೇ ಎಲ್ಲರಿಗಿಂತ ಮೊದಲು ಹೇಳುತ್ತಿದ್ದರು. ಬೀದಿಗೆ ತೆರೆದುಕೊಂಡ ಒಂದು ಕೋಣೆ, ಬಡಗಿಯಿಂದ ಮಾಡಿಸಿದ ಎತ್ತರದ ಬೆನ್ನಿನ ಕುರ್ಚಿ, ಸೀಮೆಎಣ್ಣೆ ಸ್ಟೌವಿನ ಮೇಲೆ ಯಾವಾಗಲೂ ಕುದಿಯುವ ನೀರು, ಆ ನೀರಲ್ಲಿ ಇಕ್ಕಳ. ಯಾರ ಬಾಯಿ ಮುಟ್ಟುವ ಮೊದಲೂ, ಮುಟ್ಟಿದ ಮೇಲೂ ಮೊಣಕೈವರೆಗೆ ಸೋಪು ಹಾಕಿ ತೊಳೆಯುತ್ತಿದ್ದರು. "ನಮ್ಮನ್ನ ಮುಟ್ಟಿದ್ದಕ್ಕೆ ಮಡಿ ಮಾಡ್ಕೋತಾನೆ ನೋಡು" ಎಂದು ಕೆಲವರು ಕೋಪಿಸಿಕೊಂಡದ್ದೂ ಉಂಟು.

ಅವರ ಬಾಯಲ್ಲಿ ಸ್ವಂತದ ಹಲ್ಲು ಒಂದೂ ಇರಲಿಲ್ಲ. ಮೂವತ್ತು ತುಂಬುವುದರೊಳಗೆ ಎಲ್ಲ ಹೋಗಿ ಕಟ್ಟಿಸಿಕೊಂಡಿದ್ದರು. ಮಕ್ಕಳು ಹಲ್ಲುಜ್ಜಲು ಹಟ ಮಾಡಿದರೆ ತಾಯಂದಿರು ಅವರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದರು. ಅವರು ಗಂಭೀರವಾಗಿ ಕೂತು, ಮೇಲಿನ ಸಾಲು ತೆಗೆದು ಎಡಗೈಯಲ್ಲಿ, ಕೆಳಗಿನ ಸಾಲು ತೆಗೆದು ಬಲಗೈಯಲ್ಲಿ ಇಟ್ಟುಕೊಂಡು, ಬೊಚ್ಚುಬಾಯಲ್ಲಿ "ಬೇಕಾ?" ಎನ್ನುತ್ತಿದ್ದರು. ಮಕ್ಕಳು ಓಡುತ್ತಿದ್ದ ವೇಗಕ್ಕೆ ಬೀದಿಯ ಕೋಳಿಗಳು ಹಾರಿಹೋಗುತ್ತಿದ್ದವು.

ಒಮ್ಮೆ ನನ್ನ ಯಜಮಾನರ ಹಲ್ಲಿನ ಸಂದಿಯಿಂದ ಬೇವಿನ ಕಡ್ಡಿಯಲ್ಲಿ ಬೆಳ್ಳಗಿನ ಲೋಳೆ ಕೆರೆದು ತೆಗೆದು ನನಗೆ ತೋರಿಸಿದರು.

"ಇದ್ರಲ್ಲಿ ಎಷ್ಟು ಜನ ಇದಾರೆ ಗೊತ್ತಾ ತಂಗಿ? ನಮ್ಮೂರ ಸಂತೇಲಿ ಅಷ್ಟು ಜನ ಇಲ್ಲ."

"ಜನಾನಾ?"

"ಜೀವ ಕಣಮ್ಮ. ಕಣ್ಣಿಗೆ ಕಾಣದ ಜೀವ. ನಿನ್ ಬಾಯಲ್ಲೂ ಇದಾವೆ, ನನ್ ಬಾಯಲ್ಲೂ ಇದಾವೆ. ಎಲ್ಲಾ ಕೆಟ್ಟವಲ್ಲ. ಬಾಯಿ ಅಂದ್ರೆ ಒಂದು ಊರಿದ್ದಂಗೆ, ಸಾಧುಗಳೂ ಇರ್ತಾರೆ, ಪುಂಡರೂ ಇರ್ತಾರೆ. ಉಜ್ಜಿ ಗುಡಿಸ್ಕೊಂಡಿದ್ರೆ ಪುಂಡರ ಕೈ ಮೇಲಾಗಲ್ಲ. ಸಿಹಿ ತಿಂದು ಹಂಗೇ ಮಲಗಿದ್ರೋ, ಅವರದೇ ರಾಜ್ಯ. ಹಲ್ಲು ಕೊರೀತಾರೆ, ಒಸಡು ಕೀಳ್ತಾರೆ. ಒಸಡು ಕಿತ್ತೋಯ್ತು ಅಂದ್ರೆ ಊರಿನ ಗೋಡೆ ಬಿತ್ತು ಅಂತ. ಆಚೆ ಏನಿದೆ? ರಕ್ತ. ರಕ್ತ ಅನ್ನೋದು ಹೈರೋಡು. ಅಲ್ಲಿಂದ ಎಲ್ಲಿಗೆ ಬೇಕಾದ್ರೂ ಹೋಗ್ತಾರೆ."

"ನನ್ ಬಾಯಿಂದ ಬೆಂಗಳೂರಿಗೂ ಹೋಗ್ತಾವಾ?" ಎಂದು ಯಜಮಾನರು ಕಿಚಾಯಿಸಿದರು.

"ನಿನ್ ಬಾಯಿಂದ ನಿನ್ ಎದೆಗೆ ಹೋಗ್ತಾವೆ. ಅಷ್ಟು ಸಾಕು" ಎಂದರು ಮಿಲ್ಟ್ರಿಯವರು. ನಾವು ನಕ್ಕೆವು.

ನಮ್ಮ ಬೀದಿಯ ಮೇಲೆ ಅವರಿಗಿದ್ದ ದೊಡ್ಡ ತಕರಾರು ಲಾಳಿಯದು. ನೇಯ್ಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಮರದ ಲಾಳಿಯ ಹೊಟ್ಟೆಯಲ್ಲಿ ಕಂಡಿಕೆ, ಅಂದರೆ ದಾರ ಸುತ್ತಿದ ಸಣ್ಣ ಕಡ್ಡಿ, ಇರುತ್ತದೆ. ದಾರದ ತುದಿ ಲಾಳಿಯ ಪಕ್ಕದ ಸಣ್ಣ ತೂತಿನಿಂದ ಹೊರಗೆ ಬರಬೇಕು. ಬೆರಳು ಹೋಗದ ತೂತು. ಅದಕ್ಕೆ ನಮ್ಮವರು ತೂತಿಗೆ ತುಟಿ ಇಟ್ಟು ಸುರ್ರೆಂದು ಎಳೆಯುತ್ತಿದ್ದರು. ದಾರ ನಾಲಿಗೆಗೆ ಬರುತ್ತಿತ್ತು. ಕಂಡಿಕೆ ಮುಗಿದಾಗಲೆಲ್ಲ ಹೀಗೆ, ದಿನವೆಲ್ಲ ಹೀಗೆ. ಬೆಳಗಿನ ಪಾಳಿಯವನು ಬಾಯಿಟ್ಟ ಲಾಳಿಗೇ ಸಂಜೆ ಪಾಳಿಯವನೂ ಬಾಯಿಡುತ್ತಿದ್ದ. ಕೆಂಪು ನೂಲಿನ ವಾರ ಎಲ್ಲರ ಒಸಡೂ ಕೆಂಪು, ಹಸಿರು ನೂಲಿನ ವಾರ ಹಸಿರು.

ಮಿಲ್ಟ್ರಿಯವರು ತೆಳ್ಳನೆಯ ತಂತಿ ಬಗ್ಗಿಸಿ ಕೊಕ್ಕೆ ಮಾಡಿ ಮಗ್ಗಮಗ್ಗಕ್ಕೂ ಹೋಗಿ ಹಂಚುತ್ತಿದ್ದರು. "ಲಾಳಿಗೆ ಮುತ್ತು ಕೊಡೋದು ಬಿಡ್ರೋ. ಒಬ್ಬನ ಬಾಯಿ ಕೊಳೆ ಹತ್ತು ಜನಕ್ಕೆ ಹಂಚ್ತಿದೀರ. ಈ ಕೊಕ್ಕೇಲಿ ಎಳೀರಿ."

"ಹೆಂಡ್ತಿಗಂತೂ ಪುರುಸೊತ್ತಿಲ್ಲ, ಲಾಳಿಗಾದ್ರೂ ಕೊಡ್ತೀವಿ ಬಿಡಿ ಸಾ" ಎಂದು ಯಜಮಾನರು ಹೇಳಿದ್ದಕ್ಕೆ ಇಡೀ ಮಗ್ಗದ ಮನೆ ಹೋ ಎಂದಿತು. ಕೊಕ್ಕೆಯಾದರೆ ಕಂಡಿಕೆಯೊಂದಕ್ಕೆ ನಾಲ್ಕು ಉಸಿರಿನ ಹೊತ್ತು ಬೇಕು, ಬಾಯಾದರೆ ಒಂದು ಉಸಿರು. ಯಾರೂ ಕೊಕ್ಕೆ ಮುಟ್ಟಲಿಲ್ಲ.

ಆ ಉಸಿರು ಎಲ್ಲರಿಗಿಂತ ಚೆನ್ನಾಗಿದ್ದದ್ದು ನನ್ನ ಸರೋಜಳಿಗೆ. ಸ್ಕೂಲಿನಿಂದ ಬಂದವಳೇ ಅಪ್ಪನ ಮಗ್ಗದ ಪಕ್ಕ ನಿಂತು ಲಾಳಿಗಳನ್ನು ಎಳೆದೆಳೆದು ಸಾಲಾಗಿ ಇಡುತ್ತಿದ್ದಳು. ಎಷ್ಟು ಜನ ಬಾಯಿಟ್ಟ ಲಾಳಿಗಳೋ. ನಾನು ನೋಡಿ ಹಿಗ್ಗುತ್ತಿದ್ದೆ.

ಈಗ ಹೇಳಬೇಕಾದ್ದು.

ಎಂಟು ವರ್ಷದವಳಾಗಿದ್ದಾಗ ಸರೋಜಳಿಗೆ ಗಂಟಲು ನೋವು ಬಂದು, ಅದು ಹೋದ ಮೇಲೆ ಮಂಡಿ ಊದಿಕೊಂಡಿತು. ಮಂಡಿ ಇಳಿದರೆ ಕಾಲಿನ ಹರಡು, ಅದು ಇಳಿದರೆ ಮಣಿಕಟ್ಟು. ನಮ್ಮೂರ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. "ಹೃದಯದಲ್ಲಿ ಒಂದು ಶಬ್ದ ಇದೆ. ತಿಂಗಳಿಗೊಂದು ಸೂಜಿ ತಪ್ಪಿಸ್ಬೇಡಿ. ಮುಂದೆ ಯಾವ ಡಾಕ್ಟರ ಹತ್ರ ಹೋದ್ರೂ, ಹಲ್ಲು ತೋರಿಸೋಕೆ ಹೋದ್ರೂ ಇದನ್ನ ಮೊದಲು ಹೇಳಿ" ಎಂದರು.

ಡಾಕ್ಟರ ಅಂಗಡಿಯಿಂದ ಮನೆಗೆ ನಡೆದು ಬರುವಷ್ಟರಲ್ಲಿ ನಾನು ಯಾರಿಗೂ ಹೇಳಕೂಡದು ಎಂದು ತೀರ್ಮಾನಿಸಿದ್ದೆ. ನಮ್ಮವರಲ್ಲಿ ಹೆಣ್ಣು ಕೊಡುವುದು ತರುವುದು ಇದೇ ನಾಲ್ಕೈದು ಬೀದಿಗಳೊಳಗೆ. ಒಂದು ಜಗಲಿಯಲ್ಲಿ ಬಿದ್ದ ಮಾತು ದೀಪ ಹಚ್ಚುವ ಹೊತ್ತಿಗೆ ಎಲ್ಲ ಜಗಲಿಗೂ ಬರುತ್ತದೆ. ಎದೆಯಲ್ಲಿ ರೋಗವಿರುವ ಹುಡುಗಿ ಎಂದು ಒಮ್ಮೆ ಹೆಸರು ಬಿದ್ದರೆ ಯಾರು ಬರುತ್ತಾರೆ ಕೇಳಿಕೊಂಡು? ಯಜಮಾನರೂ ಹೂಂ ಎಂದರು. ನಾಲ್ಕು ಸೂಜಿಯಾದ ಮೇಲೆ ಪಕ್ಕದ ಮನೆಯವಳು "ಏನು, ತಿಂಗಳು ತಿಂಗಳು ಡಾಕ್ಟ್ರ ಮನೆ?" ಎಂದಳು. ಸೂಜಿಯನ್ನೂ ನಿಲ್ಲಿಸಿದೆ.

ಹನ್ನೊಂದನೇ ವರ್ಷಕ್ಕೆ ಸರೋಜಳ ದವಡೆ ಹಲ್ಲು ಕೊಳೆತು ಕೆನ್ನೆ ಬುರ್ರನೆ ಊದಿತು. ಮೂರು ದಿನ ಲವಂಗ ಇಟ್ಟೆ. ತಡೆಯದೆ ಮಿಲ್ಟ್ರಿಯವರ ಹತ್ತಿರ ಕರೆದುಕೊಂಡು ಹೋದೆ. ಅವರು ಕೈ ತೊಳೆದು, ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಎಲ್ಲರನ್ನೂ ಕೇಳುವಂತೆ ನನ್ನನ್ನೂ ಕೇಳಿದರು.

"ಯಾವತ್ತಾದ್ರೂ ಕೀಲು ಊದ್ಕೊಂಡಿತ್ತಾ? ಎದೇಲಿ ಶಬ್ದ ಇದೆ ಅಂತ ಡಾಕ್ಟ್ರು ಯಾರಾದ್ರೂ ಹೇಳಿದ್ರಾ?"

ಬಾಗಿಲು ಬೀದಿಗೆ ತೆರೆದಿತ್ತು. ಎದುರು ಜಗಲಿಯಲ್ಲಿ ಇಬ್ಬರು ಹೆಂಗಸರು ಕಂಡಿಕೆ ಸುತ್ತುತ್ತಿದ್ದರು. ಮಗ್ಗಗಳ ಸದ್ದಿನಲ್ಲಿ ಅವರಿಗೆ ಒಂದಕ್ಷರವೂ ಕೇಳುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಅವರಿಬ್ಬರ ಕಿವಿ ಬಿಟ್ಟು ಬೇರೇನೂ ಕಾಣಲಿಲ್ಲ.

"ಇಲ್ಲ" ಎಂದೆ.

ಸರೋಜ ಕುರ್ಚಿಯಿಂದ ನನ್ನ ಕಡೆ ನೋಡಿದಳು. ಮಿಲ್ಟ್ರಿಯವರು ಅವಳ ಮುಖ ನೋಡಿ, ಮತ್ತೆ ನನ್ನ ಕಡೆ ತಿರುಗಿದರು. "ಸರ್ಯಾಗಿ ಯೋಚ್ನೆ ಮಾಡಿ ಹೇಳು ತಂಗಿ. ಹಂಗೇನಾದ್ರೂ ಇದ್ರೆ ನಾನು ಮುಟ್ಟಲ್ಲ. ಮೊದ್ಲು ಪೆನ್ಸಿಲಿನ್ ಸೂಜಿ ಹಾಕ್ಸಿ, ಆಮೇಲೆ ಡಾಕ್ಟ್ರೇ ಕೀಳ್ಬೇಕು."

"ಇಲ್ಲ ಅಂದ್ನಲ್ಲಣ್ಣಾ. ಮಗು ಅಳ್ತಿದೆ, ಕಿತ್ತಾಕಿ."

ಕಿತ್ತರು. ಎಷ್ಟು ಹಗುರವಾದ ಕೈ ಎಂದರೆ ಸರೋಜ ಕೂಗುವಷ್ಟರಲ್ಲಿ ಹಲ್ಲು ತಟ್ಟೆಯಲ್ಲಿತ್ತು.

ಎರಡು ವಾರಕ್ಕೆ ಸಣ್ಣಗೆ ಜ್ವರ ಹತ್ತಿತು. ಸಂಜೆ ಬರುತ್ತಿತ್ತು, ಬೆಳಗ್ಗೆ ಬೆವರಿ ಇಳಿಯುತ್ತಿತ್ತು. ಒಬ್ಬರು ಮಲೇರಿಯಾ ಎಂದರು, ಇನ್ನೊಬ್ಬರು ಟೈಫಾಯಿಡ್ ಎಂದರು. ನಾನು ದೇವರಿಗೆ ಮುಡಿಪು ಕಟ್ಟಿದೆ. ತಿಂಗಳಾಗುವಾಗ ಹುಡುಗಿ ಹಾಸಿಗೆಗೆ ಅಂಟಿಕೊಂಡಿದ್ದಳು. ಮಿಲ್ಟ್ರಿಯವರು ನೋಡಲು ಬಂದರು. ಅವಳ ಕೈ ಹಿಡಿದು ಉಗುರುಗಳನ್ನು ಬೆಳಕಿಗೆ ತಿರುಗಿಸಿದರು. ಉಗುರಿನ ಕೆಳಗೆ ಕೆಂಪನೆಯ ಸಣ್ಣ ಗೆರೆಗಳು, ಮುಳ್ಳು ಚುಚ್ಚಿದಂತೆ. ಅವರ ಮುಖದ ಬಣ್ಣವೇ ಹೋಯಿತು. ನನ್ನನ್ನು ಏನೂ ಕೇಳಲಿಲ್ಲ. "ಸೀರೆ ಬದಲಾಯಿಸ್ಕೊಂಡು ಬಾ. ಹನ್ನೆರಡರ ಬಸ್ಸಿಗೆ ಹೋಗೋಣ" ಎಂದಷ್ಟೇ ಹೇಳಿ ಹುಡುಗಿಯನ್ನು ಹೆಗಲ ಮೇಲೆ ಹಾಕಿಕೊಂಡರು.

ದೊಡ್ಡಾಸ್ಪತ್ರೆಯ ಡಾಕ್ಟರು ರಕ್ತ ತೆಗೆದು ನೋಡಿ ಹೇಳಿದ್ದು ಮಿಲ್ಟ್ರಿಯವರು ಕಡ್ಡಿಯ ತುದಿಯಲ್ಲಿ ತೋರಿಸಿ ಹೇಳಿದ್ದ ಮಾತೇ. ಬಾಯೊಳಗಿನ ಕ್ರಿಮಿ ಹಲ್ಲು ಕಿತ್ತ ಗಾಯದಿಂದ ರಕ್ತಕ್ಕೆ ಇಳಿದು, ಮೊದಲೇ ಹಾಳಾಗಿದ್ದ ಹೃದಯದ ಕವಾಟದ ಮೇಲೆ ಗೂಡು ಕಟ್ಟಿದೆ. ಗಟ್ಟಿ ಹೃದಯವಾಗಿದ್ದರೆ ಅದಕ್ಕೆ ಅಲ್ಲಿ ನೆಲೆ ಸಿಗುತ್ತಿರಲಿಲ್ಲ. ಆರು ವಾರ ಹಗಲೂ ರಾತ್ರಿ ಸೂಜಿ. ಬದುಕಿದರೆ ಪುಣ್ಯ.

"ಹಲ್ಲು ಕಿತ್ತಿದ್ದು ಯಾರು?" ಎಂದು ಡಾಕ್ಟರು ಕೇಳಿದರು.

"ನಾನೇ ಸಾರ್." ಮಿಲ್ಟ್ರಿಯವರು ಸಿಪಾಯಿಯಂತೆ ನೆಟ್ಟಗೆ ನಿಂತಿದ್ದರು.

"ಹೃದಯದ ತೊಂದರೆ ಇದೆಯಾ ಅಂತ ತಾಯಿಯನ್ನ ಕೇಳಿದ್ರಾ?"

ಅವರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಪಕ್ಕದ ಮಂಚದಲ್ಲಿ ನಮ್ಮೂರಿನವರೇ ಒಬ್ಬರು ತಮ್ಮ ತಾಯಿಯ ಹತ್ತಿರ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

"ಕೇಳೋದು ಮರೆತೆ ಸಾರ್" ಎಂದರು ಮಿಲ್ಟ್ರಿಯವರು.

ಡಾಕ್ಟರು ಅವರಿಗೆ ಅಂದ ಮಾತುಗಳನ್ನು ನಾನಿಲ್ಲಿ ಬರೆಯಲಾರೆ. ಅವಷ್ಟೂ ನನ್ನ ತಲೆಯ ಮೇಲೆ ಬೀಳಬೇಕಾಗಿದ್ದವು. ಅವರು ಎಲ್ಲವನ್ನೂ ನಿಂತು ಕೇಳಿ, ಹೊರಗೆ ಹೋಗಿ, ನನಗೊಂದು ಲೋಟ ಕಾಫಿ ತಂದುಕೊಟ್ಟರು.

ಆರು ವಾರ, ಎರಡು ದಿನಕ್ಕೊಮ್ಮೆ ಮೊದಲ ಬಸ್ಸಿಗೆ ಗಂಜಿಯ ಡಬ್ಬಿ ಹಿಡಿದು ಬಂದರು. ಸರೋಜ ಬದುಕಿದಳು. ನಾವು ಊರಿಗೆ ವಾಪಸು ಬರುವ ಹೊತ್ತಿಗೆ ಸುದ್ದಿ ನಮಗಿಂತ ಮೊದಲೇ ಬಂದಿತ್ತು: ಮಿಲ್ಟ್ರಿಯವರು ಒಂದು ಮಾತೂ ಕೇಳದೆ ಹಲ್ಲು ಕಿತ್ತು ಹುಡುಗಿಯ ಪ್ರಾಣ ತೆಗೆಯುತ್ತಿದ್ದರು. ಯಜಮಾನರು ಕೆಂಡವಾಗಿದ್ದರು. "ಕೇಳ್ಲೇ ಇಲ್ವಂತಲ್ಲೇ ಅವ್ನು? ಕೇಳಿದ್ರೆ ನೀನು ಹೇಳ್ತಿರ್ಲಿಲ್ವಾ?" ಎಂದರು. ನಾನು ಒಲೆಗೆ ಸೌದೆ ತುರುಕುತ್ತಾ ಸುಮ್ಮನಿದ್ದೆ. ಅವರು ಅದನ್ನು ಹೌದು ಎಂದುಕೊಂಡರು. ಹಾಗೆ ಅಂದುಕೊಳ್ಳಲಿ ಎಂದೇ ನಾನೂ ಸುಮ್ಮನಿದ್ದದ್ದು.

ಯಜಮಾನರು ನೇರ ಹೋಗಿ ಮಿಲ್ಟ್ರಿಯವರ ಬಾಗಿಲ ಮುಂದೆ ನಿಂತು, ಬೀದಿಯೆಲ್ಲ ಕೇಳುವಂತೆ ಬೈದರು. "ಮಗಳನ್ನ ಕೊಲ್ತಿದ್ದೆಯಲ್ಲಯ್ಯಾ! ಒಂದು ಮಾತು ಕೇಳೋಕೆ ನಿನ್ ಬಾಯಿಗೇನಾಗಿತ್ತು?" ಮಿಲ್ಟ್ರಿಯವರು ಹೊಸ್ತಿಲ ಮೇಲೆ ಕೈಕಟ್ಟಿ ನಿಂತು, "ತಪ್ಪಾಯ್ತು" ಎಂದರು. ಮಾರನೇ ದಿನ ಇಕ್ಕಳಗಳನ್ನು ಒರೆಸಿ ಪೆಟ್ಟಿಗೆಗೆ ಹಾಕಿದರು. ಮತ್ತೆ ತೆಗೆಯಲಿಲ್ಲ. ಲಾಳಿ ರಿಪೇರಿ ಮಾಡಿಕೊಂಡು ಬದುಕಿದರು. ಯಜಮಾನರು ಹದಿಮೂರು ವರ್ಷ ಅವರ ಜೊತೆ ಮಾತಾಡಲಿಲ್ಲ, ಎದುರು ಬಂದರೆ ಬೀದಿಯ ಇನ್ನೊಂದು ಬದಿಗೆ ದಾಟುತ್ತಿದ್ದರು.

ನಾನು ನಲ್ಲಿಯ ಹತ್ತಿರ ಸಿಕ್ಕರೆ ಅವರು ಕೇಳುತ್ತಿದ್ದದ್ದು ಒಂದೇ. "ಮಗು ರಾತ್ರಿನೂ ಹಲ್ಲುಜ್ಜುತ್ತಾ?" ಯಜಮಾನರು ನೂಲು ತರಲು ಹೋದ ದಿನ ಸರೋಜ ತಾನೇ ಅವರ ಜಗಲಿಗೆ ಹೋಗಿ ಬಿಸಿಲಿಗೆ ಮುಖ ಮಾಡಿ ಬಾಯಿ ತೆರೆಯುತ್ತಿದ್ದಳು. ಅವರು ಮುಟ್ಟುತ್ತಿರಲಿಲ್ಲ, ಬೆನ್ನ ಹಿಂದೆ ಕೈಕಟ್ಟಿಕೊಂಡು ಬಗ್ಗಿ ನೋಡುತ್ತಿದ್ದರು ಅಷ್ಟೆ. ಆಸ್ಪತ್ರೆಯಿಂದ ಬಂದ ಮೇಲೆ ಮತ್ತೆ ಶುರುವಾಗಿದ್ದ ತಿಂಗಳ ಸೂಜಿಯನ್ನೂ ನೆನಪಿಸುತ್ತಿದ್ದರು. ಲಾಳಿಗೆ ಬಾಯಿಡುವುದನ್ನು ಅವಳಂತೂ ಬಿಟ್ಟಳು. ಆ ಹಳೆಯ ಮಾತನ್ನು ಅವರು ಎತ್ತಿದ್ದು ಒಂದೇ ಸಲ, ಅವಳನ್ನು ನೋಡಲು ಗಂಡಿನವರು ಬರುವ ಹಿಂದಿನ ದಿನ. "ಈ ಸಲ ಮುಚ್ಚಿಡ್ಬೇಡ ತಂಗಿ. ಮೊದ್ಲೇ ಹೇಳ್ಬಿಡು."

ನನಗೆ ಆಗಲೂ ಬಾಯಿ ಬರಲಿಲ್ಲ. ಉಪ್ಪಿಟ್ಟಿನ ತಟ್ಟೆ ಕೊಡುತ್ತಲೇ ಸರೋಜ ಹೇಳಿದಳು: "ನನ್ನ ಎದೇಲಿ ಒಂದು ಶಬ್ದ ಇದೆ. ನೋಡ್ಕೊಂಡು ಒಪ್ಪಿ." ಹುಡುಗ ತಟ್ಟೆ ತೆಗೆದುಕೊಂಡು, "ನಮ್ಮನೇಲಿ ನಾಲ್ಕು ಮಗ್ಗ ಇದಾವೆ. ಶಬ್ದಕ್ಕೆ ಹೆದರೋರಲ್ಲ ನಾವು" ಎಂದ. ಅವನೇ ನನ್ನ ಅಳಿಯ. ಬೀಗರು ಸರೋಜಳನ್ನು ಹೂವಿನಂತೆ ನೋಡಿಕೊಂಡರು. ನಾನು ಯಾವುದಕ್ಕೆ ಹೆದರಿ ಆ ಕುರ್ಚಿಯ ಪಕ್ಕ ಇಲ್ಲ ಎಂದಿದ್ದೆನೋ ಅದು ಎಲ್ಲೂ ಇರಲೇ ಇಲ್ಲ.

ಸರೋಜ ಬಸುರಿ ಎಂದು ತಿಳಿದಾಗ ಮಿಲ್ಟ್ರಿಯವರು ಆಗಲೇ ಕೋಲು ಹಿಡಿದಿದ್ದರು. "ಬಸುರಿ ಹೆಂಗಸರ ಒಸಡು ಬೇಗ ಊದುತ್ತೆ. ದೊಡ್ಡಾಸ್ಪತ್ರೇಲಿ ಮೊದ್ಲು ಬಾಯಿ ತೋರ್ಸು" ಎಂದರು. ಅಲ್ಲಿಯ ಹೃದಯದ ಡಾಕ್ಟರೂ ಕೊಳವೆ ಎತ್ತುವ ಮೊದಲು "ಬಾಯಿ ತೆಗಿಯಮ್ಮ" ಎಂದಾಗ ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಒಂದು ಹಲ್ಲೂ ಕೆಟ್ಟಿರಲಿಲ್ಲ. ಆದರೂ ಹೆರಿಗೆಯ ಹೊತ್ತಿಗೆ ಪೆನ್ಸಿಲಿನ್ ಸೂಜಿ ಹಾಕಿದರಂತೆ.

ಹೆರಿಗೆ ಆಗಲಿ, ಆಮೇಲೆ ಮಿಲ್ಟ್ರಿಯವರನ್ನು ಮನೆಗೆ ಕರೆದು, ಯಜಮಾನರ ಎದುರು ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡಿದ್ದೆ. ಅವರು ಕಾರ್ತಿಕದಲ್ಲಿ, ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಮಣ್ಣಿಗೆ ಹೋಗಿ ಬಂದವರೊಬ್ಬರು ನಮ್ಮ ಜಗಲಿಯಲ್ಲಿ ಕೂತು ಹೇಳಿದರು: "ಒಳ್ಳೆ ಮನುಷ್ಯ. ಆದ್ರೆ ನಿಮ್ಮ ಹುಡುಗಿ ವಿಷಯದಲ್ಲಿ ತಪ್ಪು ಮಾಡ್ಬಿಟ್ಟ." ನಾನು ಅವರಿಗೆ ನೀರು ಕೊಟ್ಟೆ. ಅಷ್ಟೇ ಕೊಟ್ಟೆ.

ನಿನ್ನೆ ಸಂಜೆ ಎಲ್ಲರೂ ಊಟಕ್ಕೆ ಕೂತರು. ಯಜಮಾನರು, ಅಳಿಯ, ಬೀಗರು, ಬೀಗಿತ್ತಿ, ಗೋಡೆಗೆ ಒರಗಿ ಸರೋಜ. ಕೂಸು ಅವಳ ಮಡಿಲಲ್ಲಿ. ಬಾಣಂತಿಗೆ ಮೆಣಸಿನ ಸಾರು, ನಮಗೆ ಹಿದಕಿದ ಅವರೆಬೇಳೆ ಸಾರು, ಶಾವಿಗೆ ಪಾಯಸ. ಬೀಗರು ಕೂಸಿನ ಬೊಚ್ಚುಬಾಯಿ ನೋಡಿ ಏನೋ ತಮಾಷೆ ಮಾಡಿದರು. ಯಜಮಾನರು ನಗುತ್ತಾ, "ಇವಳ ಹಲ್ಲು ಮಾತ್ರ ಡಾಕ್ಟ್ರ ಹತ್ರಾನೇ ತೋರ್ಸೋದು. ಕೇಳದೇ ಕೀಳೋರ ಕೈಗೆ ಕೊಡಲ್ಲ" ಎಂದರು.

ನಾನು ಅನ್ನದ ಪಾತ್ರೆ ಹಿಡಿದು ನಿಂತಿದ್ದೆ.

"ಕೇಳಿದ್ರು" ಎಂದೆ.

"ಯಾರು?"

"ಮಿಲ್ಟ್ರಿ ಅಣ್ಣ. ಕೀಲು ಊದಿತ್ತಾ, ಎದೇಲಿ ಶಬ್ದ ಇದೆಯಾ ಅಂತ ಕೇಳಿದ್ರು. ನಾನು ಇಲ್ಲ ಅಂದೆ. ಆಸ್ಪತ್ರೇಲಿ ನನ್ನ ಉಳಿಸೋಕೆ, ಕೇಳೋದು ಮರೆತೆ ಅಂತ ಅವ್ರೇ ಸುಳ್ಳು ಹೇಳಿದ್ರು. ನೀವು ಕೇಳಿದಾಗ್ಲೂ ನಾನು ಬಾಯಿ ಬಿಡ್ಲಿಲ್ಲ."

ಯಜಮಾನರ ಕೈ ಎಲೆಯ ಮೇಲೆ ಹಾಗೇ ನಿಂತಿತು.

"ಎರಡು ಸಲ ಕೇಳಿದ್ರಪ್ಪಾ" ಎಂದಳು ಸರೋಜ, ಕೂಸಿನ ಮೇಲಿಂದ ಕಣ್ಣೆತ್ತದೆ. "ನಾನು ಕುರ್ಚಿ ಮೇಲೇ ಇದ್ನಲ್ಲ. ಅಮ್ಮನೇ ಹೇಳ್ಲಿ ಅಂತ ಇದ್ದೆ."

ಯಜಮಾನರು ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದರು. "ನಾನು ಅವ್ರಿಗೆ ಬೈದಿದ್ದು ಬೀದೀಲಿ ನಿಂತು."

"ಹೂಂ."

"ಇದನ್ನೂ ಬೀದೀಲೇ ಹೇಳ್ಬೇಕು. ಒಂದು ಮನೇನೂ ಬಿಡ್ಬಾರ್ದು. ನಾನೂ ಬರ್ತೀನಿ."

"ಆಮೇಲೆ ಹೇಳೀರಂತೆ. ಬಾಣಂತಿ ಎಲೆ ಮುಂದೆ ಕಾಯ್ತಾ ಕೂರ್ಬಾರ್ದು, ಮೊದ್ಲು ಉಣ್ಣಿ" ಎಂದರು ಬೀಗಿತ್ತಿ ಮೆಲ್ಲಗೆ.

ಯಜಮಾನರು ನನ್ನ ಮುಖ ನೋಡಲಿಲ್ಲ. ಎಡಗೈ ಚಾಚಿ ನನ್ನ ಕೈಯಿಂದ ಅನ್ನದ ಪಾತ್ರೆ ತೆಗೆದುಕೊಂಡರು. ಪಕ್ಕದಲ್ಲಿ ಖಾಲಿಯಿದ್ದ ಎಲೆಯನ್ನು ಸರಿಮಾಡಿ, "ಕೂತ್ಕೋ" ಎಂದರು. ಕೂತೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಮೊದಲ ಸಲ ಅವರೇ ನನಗೆ ಬಡಿಸಿದರು. ಅಭ್ಯಾಸವಿಲ್ಲದ ಕೈ, ಅನ್ನ ಎಲೆಯ ಆಚೆಗೂ ಬಿತ್ತು. ಸರೋಜ ಮೆಣಸಿನ ಸಾರು ಇನ್ನೊಂದು ಸಲ ಹಾಕಿಸಿಕೊಂಡಳು. ಒಬ್ಬರ ಹಿಂದೆ ಒಬ್ಬರು ಎಲ್ಲರೂ ಉಣ್ಣತೊಡಗಿದೆವು.